ಗುಡ್ಡದ ನೀರಿನ ದಾರಿ ಬಲ್ಲ ಅಕ್ಕಯಮ್ಮ

ಡಿಸೆಂಬರಿನ ಬೆಳಗು, ಆರು ಗಂಟೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಕರೇಬಂಡೆ ಗುಡ್ಡದ ಪಡುವಣ ಇಳಿಜಾರಿಗೆ ಬಿಸಿಲು ಬೀಳಲು ಇನ್ನೂ ಬಹಳ ಹೊತ್ತಿದೆ. ಐವತ್ತೆಂಟರ ಅಕ್ಕಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲಿನ ಸಾಲಿನ ಟೊಮೆಟೊ ಎಲೆಗಳನ್ನು ಮುಟ್ಟಿ ನೋಡುತ್ತಾರೆ. ಇಬ್ಬನಿಯ ಹನಿಯೂ ಇಲ್ಲ. ನಲವತ್ತು ಹೆಜ್ಜೆ ಕೆಳಗಿಳಿದು ಅವರೆ ಗಿಡ ಸವರಿದರೆ ಮುಂಗೈವರೆಗೂ ಒದ್ದೆ.

"ಮೇಲ್ಗಡೆ ಗಾಳಿ ಆಡ್ತದೆ, ಇಬ್ಬನಿ ನಿಲ್ಲಲ್ಲ. ಟೊಮೆಟೊಗೆ ಅದೇ ಬೇಕು, ಇಲ್ದಿದ್ರೆ ಎಲೆಗೆ ರೋಗ ಬರ್ತದೆ. ಅವರೆಗೆ ಇಬ್ಬನಿ ಬಿದ್ದಷ್ಟೂ ಸೊಗಡು. ಅದಕ್ಕೆ ಇದು ಮೇಲೆ, ಅದು ಕೆಳಗೆ" ಎನ್ನುತ್ತಾರೆ.

ಮೂವತ್ತು ಗುಂಟೆಯ ಈ ತೋಟದಲ್ಲಿ ಹದಿನೇಳು ಬಗೆಯ ತರಕಾರಿ, ಸೊಪ್ಪು ಬೆಳೆಯುತ್ತವೆ. ಅಂಗಡಿಯ ಗೊಬ್ಬರ, ಔಷಧಿ ಒಂದು ಚಮಚವೂ ಬಿದ್ದಿಲ್ಲ. ತೋಟದ ನಡುವೆ ಮನೆಯಷ್ಟು ಎತ್ತರದ ಬಂಡೆ. ಹಗಲು ಕಾದ ಬಂಡೆ ಕತ್ತಲಾದ ಮೇಲೂ ಬೆಚ್ಚಗಿರುವುದರಿಂದ ಅದರ ಬುಡಕ್ಕೆ ಬದನೆ, ಮೆಣಸಿನಕಾಯಿ. ಅದರ ನೆರಳಿಗೆ ಕೊತ್ತಂಬರಿ, ಪಾಲಕ್.

ಹತ್ತೊಂಬತ್ತು ವರ್ಷಗಳ ಹಿಂದೆ ಅಣ್ಣತಮ್ಮಂದಿರು ಪಾಲಾದಾಗ ಅಕ್ಕಯಮ್ಮನ ಗಂಡ ಲಕ್ಷ್ಮಯ್ಯನವರಿಗೆ ಬಂದದ್ದು ಇದೇ ಇಳಿಜಾರು. ಬಯಲಿನ ಹೊಲದಂತೆ ಇದೂ ಮಟ್ಟವಾಗಬೇಕೆಂದು ಅಕ್ಕಯಮ್ಮ ಹಟ ಹಿಡಿದು ಜೆಸಿಬಿ ತರಿಸಿದರು. ಎರಡು ದಿನದಲ್ಲಿ ನೆಲ ಮಟ್ಟವಾಯಿತು. ಮೊದಲ ದೊಡ್ಡ ಮಳೆಗೇ ಮಣ್ಣೆಲ್ಲ ಜಾರಿ ಕೆಳಗಿನ ಹೊಲದ ಮುನಿಶಾಮಪ್ಪನವರ ರಾಗಿ ಪೈರಿನ ಮೇಲೆ ಕೂತಿತು.

"ಬೆಳಿಗ್ಗೆ ನೋಡಿದ್ರೆ ಬರೀ ಕಲ್ಲು. ಯಜಮಾನ್ರು ಬೇಡ ಅಂದಿದ್ರು, ನಾನೇ ಕೇಳ್ಲಿಲ್ಲ. ಇನ್ಯಾರನ್ನ ಬೈಲಿ?"

ಮುನಿಶಾಮಪ್ಪ ಬಂದು, "ನಿನ್ನ ಮಣ್ಣು ನೀನೇ ಎತ್ಕೊಂಡು ಹೋಗಮ್ಮ" ಎಂದರು. ಅಕ್ಕಯಮ್ಮ ಹಾಗೇ ಮಾಡಿದರು. ಗಂಡ ಹೆಂಡತಿ ನಲವತ್ತು ದಿನ ಮಂಕರಿಯಲ್ಲಿ ಮಣ್ಣು ಹೊತ್ತು ಮೇಲೆ ಗುಡ್ಡೆ ಹಾಕಿದರು. ನೀರಿನ ದಾರಿ ತಿಳಿಯುವವರೆಗೆ ಅದನ್ನು ಹರಡಲಿಲ್ಲ. ಮುಂದಿನ ಮಳೆ ಬಂದಾಗ ಅಕ್ಕಯಮ್ಮ ಗೋಣಿಚೀಲದ ಗೊಪ್ಪೆ ಹಾಕಿಕೊಂಡು ಬಂಡೆ ಮೇಲೆ ಕೂತರು. ಬಂಡೆಯಿಂದ ಇಳಿದ ನೀರು ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಓಡುತ್ತದೆ, ಎಲ್ಲಿ ತಂಗುತ್ತದೆ ಎಂದು ನೋಡಿ ನೋಡಿ ಕಡ್ಡಿ ನೆಟ್ಟರು. ಊರವರು ನಕ್ಕರು. "ಇವ್ಳಿಗೆ ತಲೆ ಕೆಟ್ಟಿತು ಅಂತ ನನಗೂ ಅನ್ನಿಸ್ತು" ಎಂದು ಲಕ್ಷ್ಮಯ್ಯ ಈಗ ಒಪ್ಪಿಕೊಳ್ಳುತ್ತಾರೆ.

ಕಡ್ಡಿ ನೆಟ್ಟಲ್ಲೆಲ್ಲ ಕಲ್ಲಿನ ಬದು ಎದ್ದಿತು, ಅದರ ಹಿಂದೆ ಗುಡ್ಡೆಯ ಮಣ್ಣು ಹರಡಿದರು. ವರ್ಷಕ್ಕೆ ಎರಡು ಮೂರು ಬದು. ಈಗ ಒಟ್ಟು ಹನ್ನೊಂದು. ಬಂಡೆಯ ನೀರು ಇಳಿಯುವ ಕಡೆ ಕೈಯಲ್ಲೇ ತೋಡಿದ ಹೊಂಡ ಸಂಕ್ರಾಂತಿ ದಾಟುವವರೆಗೂ ಬತ್ತುವುದಿಲ್ಲ. ದಿನವೂ ಏಳೂವರೆ ಬಸ್ಸಿಗೆ ಲಕ್ಷ್ಮಯ್ಯ ನಾಲ್ಕು ಬುಟ್ಟಿ ಹಾಕಿಕೊಂಡು ದೊಡ್ಡಬಳ್ಳಾಪುರಕ್ಕೆ ಹೋಗುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ ಬುಟ್ಟಿ ತರುತ್ತಾರೆ.

ಹೋದ ಬೇಸಿಗೆಯಲ್ಲಿ ಮುನಿಶಾಮಪ್ಪನವರೇ ಗುಡ್ಡ ಹತ್ತಿ ಬಂದರು. ಮಳೆನೀರಿಗೆ ಅವರ ಹೊಲದ ಮೂಲೆಯೂ ಕೊರೆದುಹೋಗತೊಡಗಿತ್ತು.

"ಒಂದ್ಸಲ ಬಂದು ನೋಡಮ್ಮ, ಎಲ್ಲಿ ಬದು ಹಾಕ್ಲಿ?"

"ಈಗ ಬಂದ್ರೆ ಏನ್ ಕಾಣ್ತದಣ್ಣ, ಮಳೆ ಬಂದಾಗ ಕರೀರಿ."

ಮಳೆ ಬಂದ ದಿನವೇ ಅವರು ಕೂಗಿದರು. ಅಕ್ಕಯಮ್ಮ ಇಳಿದು ಹೋದರು. ಸುರಿಯುವ ಮಳೆಯಲ್ಲಿ ಅವರು ಜಾಗ ತೋರಿಸುತ್ತಾ ಹೋದಂತೆ ಎಪ್ಪತ್ತು ದಾಟಿದ ಮುನಿಶಾಮಪ್ಪ ಹಿಂದೆಯೇ ಕಡ್ಡಿ ನೆಡುತ್ತಾ ಬಂದರು. ಈಗ ಆ ಹೊಲದಲ್ಲೂ ಐದು ಬದುಗಳಿವೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಅಕ್ಕಯಮ್ಮ ಅವರೆಕಾಯಿ ಕೀಳುವ ಕೈ ನಿಲ್ಲಿಸುತ್ತಾರೆ.

"ಆಸೆ ಏನು? ಈ ಸಲ ಅಷ್ಟು ದೊಡ್ಡ ಮಳೆ ಬಂತು. ಓಡೋಗಿ ಕೆಳಗಡೆ ಬದು ಹತ್ರ ನಿಂತ್ಕೊಂಡು ನೋಡ್ದೆ. ಮುನಿಶಾಮಪ್ಪಣ್ಣನ ಹೊಲಕ್ಕೆ ನಮ್ಮ ಕಡೆಯಿಂದ ಬರೀ ತಿಳಿನೀರು ಹೋಗ್ತಿತ್ತು."