ಹೇಳಿದ ಹೊತ್ತಿಗೇ ಹಾರಿದ ವಿಮಾನ

ಮೇ ತಿಂಗಳಿನ ಒಂದು ಬುಧವಾರ, ಬೊಬ್ರುವಾಡದ ನಮ್ಮ ಮನೆಯಿಂದ ನಾನು ಮುಂಬಯಿಗೆ ಹೊರಟೆ. ಯಾವುದೇ ಪ್ರಯಾಣಕ್ಕೂ ವಾರದ ಮೊದಲೇ ಸಿದ್ಧಳಾಗುವವಳು ನಾನು; ಇದಕ್ಕೆ ಮಾತ್ರ ಒಂದೇ ರಾತ್ರಿ ಸಿಕ್ಕಿತು. ಸರಕಿನ ಹಡಗಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ಸುಧಾಕರ ಅನಿರೀಕ್ಷಿತವಾಗಿ ಮುಂಬಯಿಗೆ ಬರುತ್ತಿದ್ದಾನೆಂದು ಅವನ ಕಂಪನಿಯ ಕಚೇರಿಯಿಂದ ಹಿಂದಿನ ಸಂಜೆ ಫೋನ್ ಬಂದಿತ್ತು. ಬುಧವಾರ ಸಂಜೆ ನಾಲ್ಕರಿಂದ ಎಂಟರವರೆಗೆ ಅವನಿಗೆ ದಡಕ್ಕಿಳಿಯಲು ಅನುಮತಿ; ಬಂದರಿನ ಗೇಟಿನ ಹೊರಗೆ ನಿಂತಿರುತ್ತಾನೆ; ರಾತ್ರಿಯೇ ಹಡಗು ಕೊಲಂಬೊ ಕಡೆಗೆ ಹೊರಡುತ್ತದೆ; ಬಳಿಕ ಒಂದು ವರ್ಷ ಈ ದಿಕ್ಕಿಗಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ತಾಯಿ, ಆಯಿ, ತೀರಿಕೊಂಡಾಗ ಸುಧಾಕರ ನಡುಗಡಲಿನಲ್ಲಿದ್ದ. ಸುದ್ದಿಯನ್ನು ಫೋನಿನಲ್ಲಿ ಕೇಳಿದ; ಲೈನು ಕಡಿದುಹೋಯಿತು. ಅನಂತರವೂ ಮಾತಾಡಿದ್ದೇವೆ, ಆದರೆ ಆಯಿಯ ಕಡೆಯ ದಿನಗಳ ಕುರಿತು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ಎದುರು ಕೂತು ಹೇಳಬೇಕಾದ ಮಾತು. ನಾಲ್ಕು ತಾಸು ಸಾಕೇ ಎಂಬ ಚಿಂತೆಯಲ್ಲೇ ರಾತ್ರಿ ಕಳೆಯಿತು.

ಬೇಸಿಗೆ ರಜೆಯ ಕಾರಣ ರೈಲುಗಳೆಲ್ಲ ಭರ್ತಿಯಾಗಿದ್ದವು. ನಮ್ಮವರ ಪರಿಚಯದ ಗಣಪತಿ ತಾಂಡೇಲರು ಕಾರವಾರದ ಸಿಗಡಿ ವ್ಯಾಪಾರಿ; ತಿಂಗಳಿಗೆರಡು ಬಾರಿ ಗೋವೆಯಿಂದ ವಿಮಾನದಲ್ಲಿ ಮುಂಬಯಿಗೆ ಹೋಗಿಬರುವವರು. ಬುಧವಾರವೇ ಅವರೂ ಹೊರಟಿದ್ದರು. ಅದೇ ವಿಮಾನದಲ್ಲಿ ನನಗೂ ಟಿಕೆಟು ಮಾಡಿಸಿದರು. ವಿಮಾನ ಕಂಪನಿಯ ಹೆಸರು ಕೇಳಿ, ಬೇರೆ ಟಿಕೆಟು ಸಿಗದೇ ಎಂದೆ. ಹಿಂದಿನ ವರ್ಷ ದಿವಾಳಿಯೆದ್ದು, ವಿಮಾನಗಳೆಲ್ಲ ತಿಂಗಳುಗಟ್ಟಲೆ ನೆಲ ಹಿಡಿದು, ಈಗ ಹೊಸ ಮಾಲೀಕರ ಕೈಗೆ ಬಂದು ಮತ್ತೆ ಹಾರತೊಡಗಿದ ಕಂಪನಿಯದು.

ಬೆಳಗಿನ ಬಸ್ಸಿನಲ್ಲಿ ಕಾರವಾರಕ್ಕೆ ಹೊರಟೆ. ಮಡಿಲಲ್ಲಿ ಬೈಹುಲ್ಲು ಹಾಸಿದ ಬಿದಿರಿನ ಬುಟ್ಟಿ. ಅದರಲ್ಲಿ ಹಿತ್ತಿಲಿನ ಮರದ ಕರಿ ಇಶಾಡು ಮಾವಿನಹಣ್ಣು. ನಮ್ಮ ಅಂಕೋಲೆಯ ಈ ಹಣ್ಣಿನ ಸಿಪ್ಪೆ ಎಷ್ಟು ತೆಳುವೆಂದರೆ ಬೆರಳೊತ್ತಿದರೆ ಗುರುತು ಬೀಳುತ್ತದೆ. ದೂರದ ಪೇಟೆಗೆ ಯಾರೂ ಕಳಿಸುವುದಿಲ್ಲ. ಬೇಲೇಕೇರಿ ಕ್ರಾಸಿನಲ್ಲಿ ಅದಿರಿನ ಲಾರಿಗಳ ಸಾಲು ದಾರಿ ಕಟ್ಟಿತ್ತು. ಅದರ ಧೂಳಿಗೆ ಎಲೆ, ಹಂಚು, ಬಸ್ಸಿನ ಗಾಜು ಎಲ್ಲ ಕೆಂಪು. ಆಯಿ ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ, "ಸುಧಾಕರನ ಹಡಗು ಎಲ್ಲಿಗೆ ಮುಟ್ತೇ?" ಎಂದು ಕೇಳುತ್ತಿದ್ದಳು, ಅದು ಅಂಕೋಲೆ ಬಸ್ಸೋ ಎಂಬಂತೆ. ಅವಳು ಕಂಡ ಬಂದರು ಬೇಲೇಕೇರಿ ಒಂದೇ.

ಕಾರವಾರದ ಬಸ್ ನಿಲ್ದಾಣದ ಎದುರು ಪಾಂಡುವಿನ ಸುಮೋ ನಿಂತಿತ್ತು. ಮೇಲಿಂದ ಮೇಲೆ ವಿಮಾನ ಹತ್ತುವ ಕಾರವಾರದವರು ಒಟ್ಟುಗೂಡಿ ಇದೇ ಗಾಡಿಯಲ್ಲಿ ದಾಬೋಳಿ ವಿಮಾನ ನಿಲ್ದಾಣಕ್ಕೆ ಹೋಗುವುದು ರೂಢಿ. ಅಂದು ತಾಂಡೇಲರ ಜೊತೆಗೆ ಕೈಗಾದ ಇಂಜಿನಿಯರ್ ವಿಠ್ಠಲ ನಾಯಕರಿದ್ದರು. ಚಿಕ್ಕವರಿದ್ದಾಗ ಒಂದು ವರ್ಷ ನನ್ನ ತರಗತಿಯಲ್ಲಿ ಕೂತು ಕಲಿತವರು. ಶಾಲೆಯ ಅಕ್ಕೋರ ಕೆಲಸದಿಂದ ನಾನು ಸ್ವಯಂನಿವೃತ್ತಿ ಪಡೆದು ಐದು ವರ್ಷವಾದರೂ ನನ್ನನ್ನು ಕಂಡೊಡನೆ ಬೀಡಾ ಉಗುಳಿ ಬಂದರು.

ಕಾಳಿ ಸೇತುವೆ ದಾಟುವ ಮೊದಲೇ ವಾದ ಆರಂಭವಾಯಿತು. ದಿವಾಳಿಯೆದ್ದ ಬಳಿಕ ಇಬ್ಬರೂ ಈ ಕಂಪನಿಗೆ ಮರಳುತ್ತಿರುವುದು ಇದೇ ಮೊದಲು.

"ಈಗ ಸುಧಾರ್ಸಿದೆ ಅಂತ್ರು ಎಲ್ಲರೂ," ಎಂದರು ನಾಯಕರು. "ಹೊಸ ಸೀಟು. ತಿಂಡಿ ಪೊಟ್ಟಣದಲ್ಲಿ ಈಗ ಎರಡು ಕಟ್ಲೇಟು ಅದೆಯಂತೆ."

"ಕಟ್ಲೇಟಿಗೆ ಮಳ್ಳಾಗ್ಬೇಡ ಮಾರಾಯಾ," ಎಂದರು ತಾಂಡೇಲರು. "ಹಳೇ ದೋಣಿಗೆ ಹೊಸ ಬಣ್ಣ ಹೊಡದ್ರೆ ನೀರು ಒಳಗೆ ಬರೂದು ನಿಲ್ತದ್ಯೇ? ಆ ವಿಮಾನದ ಹುಡುಗೀರು ನಗ್ತ್ರಾ ನೋಡ್ವಾ. ಮೊದ್ಲು ನೀರು ಕೇಳಿದ್ರೆ ಸಾಲ ಕೇಳಿದ ಹಾಂಗೆ ನೋಡ್ತಿದ್ರು."

"ಹೊತ್ತಿಗೆ ಸರಿಯಾಗಿ ಹೊರಡುತ್ತದೆಯೇ?" ಎಂದು ನಾನು ಕೇಳಿದೆ.

ಇಬ್ಬರೂ ಒಟ್ಟಿಗೆ ನಕ್ಕರು. ಪಾಂಡುವೂ ನಕ್ಕ.

"ಅಕ್ಕೋರೆ," ಎಂದರು ತಾಂಡೇಲರು, "ಮಾಲೀಕ ಬದ್ಲಾಗ್ಬಹುದು, ಸೀಟು ಬದ್ಲಾಗ್ಬಹುದು. ಒಂದು ಇಪ್ಪತ್ತರ ವಿಮಾನ ಅಂದ್ರೆ ಮೂರು ಗಂಟೆ. ನಾವು ಹೋಗಿ ಎಬ್ಸೂವರೆಗೆ ಅದು ಏಳೂದಿಲ್ಲ."

ಸುಧಾಕರನ ಹೊತ್ತಿನ ವಿಷಯವನ್ನು ಅವರಿಗೆ ಇನ್ನೊಮ್ಮೆ ವಿವರಿಸಿದೆ. "ಮೂರಕ್ಕೆ ಬಿಟ್ರೂ ಆರಕ್ಕೆ ತಮ್ಮನ ಹತ್ರ ಇರ್ತ್ರಿ. ಅದಕ್ಕೇನು ಹೆದ್ರೂದು?" ಎಂದರು ತಾಂಡೇಲರು. ನಾಲ್ಕು ತಾಸಿನಲ್ಲಿ ಎರಡು ಆಗಲೇ ಹೋದವೆಂದು ನಾನು ಮನಸ್ಸಿನಲ್ಲೇ ಕಳೆದೆ.

ಮಾಜಾಳಿಯ ತಪಾಸಣಾ ಗೇಟು ದಾಟಿ ಗೋವೆಯೊಳಗೆ ಬಂದೆವು. ಚಾವಡಿ ಪೇಟೆಯಲ್ಲಿ ಗಾಡಿ ನಿಂತಿತು. ಬನ್ಸು, ಭಾಜಿ, ಚಹಾ. ನಾನು ಚಹಾ ಮಾತ್ರ ಕುಡಿದೆ. ಕರಮಲ ಘಟ್ಟದ ತಿರುವುಗಳಲ್ಲಿ ಬುಟ್ಟಿಯನ್ನು ಎರಡೂ ಕೈಗಳಿಂದ ಎತ್ತಿ ಹಿಡಿದಿದ್ದೆ. ಪಾಂಡು ಬ್ರೇಕು ಒತ್ತಿದಾಗಲೆಲ್ಲ ಹಣ್ಣಿನ ವಾಸನೆ ಸ್ವಲ್ಪ ಹೆಚ್ಚಾಗುತ್ತಿತ್ತು. ಅದು ಒಳ್ಳೆಯ ಲಕ್ಷಣವಲ್ಲ.

ಮಡಗಾಂವ್ ತಲುಪಿದಾಗ ಹನ್ನೊಂದೂವರೆ. ಅಲ್ಲಿಂದ ನೇರವಾಗಿ ಹೋಗಿದ್ದರೆ ಈ ಕಥನಕ್ಕೆ ವಿಷಯವೇ ಇರುತ್ತಿರಲಿಲ್ಲ. ಆದರೆ ಮಡಗಾಂವಿನಲ್ಲಿ ಮೀನೂಟ ಮಾಡದೆ ಕಾರವಾರದವರು ಆ ಕಂಪನಿಯ ವಿಮಾನ ಹತ್ತಿದ್ದೇ ಇಲ್ಲ. ನಿಲ್ದಾಣದಲ್ಲಿ ಹಸಿದು ಕಾಯುವ ಬದಲು ಇಲ್ಲಿ ಉಂಡು ಕಾಯುವುದು ಲೇಸೆಂದು ವರ್ಷಗಳ ಅನುಭವದಿಂದ ಅವರು ಕಂಡುಕೊಂಡಿದ್ದರು.

"ಇವತ್ತೊಂದು ದಿನ ಊಟ ಬಿಡಬಹುದಲ್ಲ?" ಎಂದೆ.

"ಅಕ್ಕೋರೆ, ನೀವು ಶಾಲೆಯಲ್ಲಿದ್ದಾಂಗೇ ಇದ್ರಿ," ಎಂದು ನಾಯಕರು ನಕ್ಕರು. "ಹತ್ತು ನಿಮಿಷ. ಕೈ ತೊಳೂದೊಂದೇ ಬಾಕಿ ಅಂದ್ಕಳಿ."

ಹತ್ತು ನಿಮಿಷದಲ್ಲಿ ತಾಟು ಬರಲೇ ಇಲ್ಲ. ಬಂದ ಮೇಲೆ ತಾಂಡೇಲರು ಹುರಿದ ಇಸೋಣ ಮೀನಿನ ತುಂಡನ್ನು ಮೂಸಿ, "ಇದು ನಿನ್ನೇದಲ್ಲ, ಮೊನ್ನೇದು" ಎಂದು ಹಿಂದಕ್ಕೆ ಕಳಿಸಿದರು. ಮೀನು ಮಾರುವವರಿಗೆ ಹಳೆಯ ಮೀನು ತಿನ್ನಿಸುವುದು ಸುಲಭವಲ್ಲ. ಬೇರೆ ತುಂಡು ಹುರಿದು ಬರುವವರೆಗೆ ಕಾದೆವು. ನಾನು ಅನ್ನಕ್ಕೆ ಸೋಲ್‌ಕಡಿ ಕಲಸಿ, ಕಲಸಿದ್ದನ್ನೇ ಮತ್ತೆ ಕಲಸುತ್ತ ಗೋಡೆಯ ಗಡಿಯಾರವನ್ನು ನೋಡುತ್ತಿದ್ದೆ. ಎದ್ದು ಬೇರೆ ಗಾಡಿ ಹಿಡಿಯಬೇಕೆಂದು ಎರಡು ಬಾರಿ ಅನ್ನಿಸಿತು. ನೂರಾರು ಬಾರಿ ಹಾರಿದವರ ಎದುರು, ಎರಡೇ ಬಾರಿ ಹಾರಿದ ನಾನು ಏನೆಂದು ಹಟ ಹಿಡಿಯಲಿ?

ದಾಬೋಳಿ ಮುಟ್ಟಿದಾಗ ಒಂದು ಗಂಟೆಗೆ ಐದು ನಿಮಿಷವಿತ್ತು. ಕಂಪನಿಯ ಕೌಂಟರಿನ ಮುಂದೆ ಯಾರೂ ಇರಲಿಲ್ಲ. ಜನರಿಲ್ಲದ್ದನ್ನು ಕಂಡು ತಾಂಡೇಲರು, "ನೋಡಿ, ಇನ್ನೂ ಯಾರೂ ಬರ್ಲಿಲ್ಲ," ಎಂದರು. ಎಲ್ಲರೂ ಬಂದು ಹೋಗಿಯಾಗಿತ್ತು.

ಕೌಂಟರಿನ ಹಿಂದಿದ್ದ ತರುಣಿ ನಮ್ಮ ಟಿಕೆಟು ನೋಡಿ, "ಕೌಂಟರು ಮುಚ್ಚಿದೆ. ವಿಮಾನ ಹೊರಡುತ್ತಿದೆ," ಎಂದು ಕೊಂಕಣಿಯಲ್ಲಿ ಹೇಳಿದಳು.

"ಹೊರಡ್ತದೆ?" ತಾಂಡೇಲರಿಗೆ ಅರ್ಥವಾಗಲಿಲ್ಲ. "ಒಂದು ಇಪ್ಪತ್ತರದ್ದು ಒಂದು ಇಪ್ಪತ್ತಕ್ಕೇ?"

"ಹೌದು ಸರ್."

"ಯಾವಾಗಿಂದ ಶುರುವಾಯ್ತು ಈ ಚಾಳಿ?"

"ಹೊಸ ಮಾಲೀಕರು ಬಂದಾಗಿನಿಂದ. ತಡವಾಗಿ ಬಂದವರಿಗಾಗಿ ಕಾಯುವುದಿಲ್ಲವೆಂದು ಟಿಕೆಟಿನ ಮೇಲೆಯೇ ಇದೆ."

ನಾಯಕರು ವಿನಯದಿಂದ ಕೇಳಿದರು, ತಾಂಡೇಲರು ಕೂಗಾಡಿದರು. "ನಿಮ್ಮ ವಿಮಾನಕ್ಕಾಗಿ ನಾವು ಎಷ್ಟು ವರ್ಷ ಕಾದ್ವಿ, ನಮಗಾಗಿ ಐದು ನಿಮಿಷ ಕಾಯೂಕಾಗೂದಿಲ್ವೇ?" ಎಂಬ ಅವರ ಪ್ರಶ್ನೆಗೆ ಆ ತರುಣಿಯ ತುಟಿಯಂಚಿನಲ್ಲಿ ನಗು ಬಂದು ಮರೆಯಾಯಿತು, ಬಾಗಿಲು ಮಾತ್ರ ತೆರೆಯಲಿಲ್ಲ. ನನಗೆ ಅಳು ಒತ್ತರಿಸಿ ಬರುತ್ತಿತ್ತು. ಆದರೂ ಅವಳನ್ನು ದೂರಲಾರದಾದೆ. ಅವಳ ಸ್ಥಾನದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ. ಹೊರಗೆ ಬಂದು ನಿಂತಿದ್ದಾಗ ನಮ್ಮ ವಿಮಾನ ತಲೆಯ ಮೇಲಿಂದ ಕಡಲಿನತ್ತ ಹಾರಿತು. ಮೂವರೂ ಕತ್ತೆತ್ತಿ ನೋಡಿದೆವು. ಸುಧಾರಣೆಯಾಗಿದೆಯೇ ಎಂಬ ವಾದ ಅಲ್ಲಿಗೆ ಮುಗಿಯಿತು.

ಅದೇ ಕಂಪನಿಯ ಮುಂದಿನ ವಿಮಾನ ನಾಲ್ಕು ನಲವತ್ತಕ್ಕೆ. ಅದರಲ್ಲಿ ಉಳಿದಿದ್ದುದು ಒಂದೇ ಸೀಟು.

"ಅಕ್ಕೋರು ಹೋಗ್ಲಿ," ಎಂದರು ತಾಂಡೇಲರು ನನ್ನ ಮುಖ ನೋಡದೆ. "ನಮ್ಮದು ನಾಳೆಗೂ ನಡೀತದೆ."

ತಮ್ಮ ಮೊಬೈಲಿನಿಂದ ಸುಧಾಕರನ ಕಚೇರಿಗೆ ಫೋನ್ ಹಚ್ಚಿಕೊಟ್ಟರು. ಅಕ್ಕ ತಡವಾಗಿ ಬರುತ್ತಾಳೆಂಬ ಸುದ್ದಿಯನ್ನು ಹಡಗಿಗೆ ತಲುಪಿಸಲು ಪ್ರಯತ್ನಿಸುತ್ತೇವೆ, ಖಾತ್ರಿಯಿಲ್ಲ ಎಂದರು ಅಲ್ಲಿಯವರು. ನಾಯಕರು ಒಂದು ನೀರಿನ ಬಾಟಲಿ ತಂದುಕೊಟ್ಟ ಮೇಲೆ ಇಬ್ಬರೂ ಪಾಂಡುವಿನ ಗಾಡಿ ಹತ್ತಿದರು.

ಆಮೇಲಿನ ಹೊತ್ತನ್ನು ಹೇಗೆ ಕಳೆದೆನೋ ತಿಳಿಯದು. ಒಂದು ಇಪ್ಪತ್ತರ ವಿಮಾನ ಎಂದಿನಂತೆ ತಡವಾಗಿರಲಿ ಎಂದು ಮಡಗಾಂವಿನಿಂದ ಹಾರೈಸುತ್ತ ಬಂದಿದ್ದ ನಾನೇ, ಈಗ ಇದೊಂದು ತಡವಾಗದಿರಲಿ ಎಂದು ಊರಿನ ದೇವರಿಗೆ ಹರಕೆ ಹೊತ್ತೆ. ಧ್ವನಿವರ್ಧಕ ಗೊರಗೊರ ಎಂದಾಗಲೆಲ್ಲ ಬುಟ್ಟಿಯನ್ನು ಅವಚಿಕೊಂಡು ಏಳುತ್ತಿದ್ದೆ. ಎಂಟಕ್ಕೆ ಗೇಟಿನೊಳಗೆ ಹೋಗಲೇಬೇಕಾದವನು ಎಂಟರವರೆಗೂ ಕಾದಾನೆ? ಅಕ್ಕ ಬರಲಿಲ್ಲವೆಂದು ಮೊದಲೇ ಹಿಂತಿರುಗಿದರೆ? ತಡಮಾಡುವವಳಲ್ಲ ಅಕ್ಕ, ಆದ್ದರಿಂದಲೇ, ತಡವಾದರೆ ಬರುವುದಿಲ್ಲವೆಂದೇ ಅವನು ತಿಳಿಯಬಹುದು.

ವಿಮಾನ ನಾಲ್ಕು ನಲವತ್ತಕ್ಕೇ ಹೊರಟಿತು. ಎರಡು ಕಟ್ಲೇಟು ಇದ್ದದ್ದು ನಿಜ, ಮುಟ್ಟಲಾಗಲಿಲ್ಲ. ಮುಂಬಯಿಯಲ್ಲಿ ಇಳಿದಾಗ ಬೆವರಿಳಿಸುವ ಸೆಕೆ. ಟ್ಯಾಕ್ಸಿಯ ಸರದಾರ್ಜಿಗೆ ನನ್ನ ಹಿಂದಿಯಲ್ಲಿ ಅವಸರ ಹೇಳಿದೆ. "ಬೆಹೆನ್‌ಜೀ, ಈ ಹೊತ್ತಿನಲ್ಲಿ ರಸ್ತೆ ನನ್ನ ಮಾತೂ ಕೇಳುವುದಿಲ್ಲ, ನಿಮ್ಮ ಮಾತೂ ಕೇಳುವುದಿಲ್ಲ," ಎಂದನಾತ. ಮಾಹಿಮಿನಲ್ಲಿ ನಿಂತೆವು, ದಾದರಿನಲ್ಲಿ ನಿಂತೆವು. ಬಂದರಿನ ಗೋಡೆ ಕಾಣಿಸಿದಾಗ ಏಳೂವರೆ ದಾಟಿತ್ತು.

ಗೇಟಿನ ಬಳಿಯ ದೀಪದ ಕೆಳಗೆ ಸುಧಾಕರ ನಿಂತಿದ್ದ. ತೆಳ್ಳಗಾಗಿದ್ದ, ಕಪ್ಪಾಗಿದ್ದ. ಸಂದೇಶ ಅವನಿಗೆ ತಲುಪಿರಲಿಲ್ಲ. ನಾಲ್ಕರಿಂದಲೂ ಅಲ್ಲಿಯೇ ಇದ್ದನಂತೆ.

"ವಿಮಾನ ಲೇಟಾಯ್ತೇ ಅಕ್ಕಾ?"

"ಇಲ್ಲ. ವಿಮಾನ ಸರಿಯಾಗೇ ಹೋಯ್ತು. ನಾನೇ ಲೇಟಾದೆ."

ಅವನು ನನ್ನ ಮುಖವನ್ನೇ ನೋಡಿದ. "ನೀನು?" ಎಂದು ಜೋರಾಗಿ ನಕ್ಕ. ಕಾವಲಿನವನು ತಿರುಗಿ ನೋಡಿದ. ಆ ನಗು ನನ್ನ ಇಡೀ ದಿನದ ಬಿಗಿಯನ್ನು ಸ್ವಲ್ಪ ಸಡಿಲಿಸಿತು.

ಗೋಡೆಗೆ ಹತ್ತಿದ ಕಟ್ಟೆಯ ಮೇಲೆ ಕೂತೆವು. ಬುಟ್ಟಿ ಬಿಚ್ಚಿದೆ. ಹೆಚ್ಚಿನ ಹಣ್ಣುಗಳು ಒಡೆದು ಹುಲ್ಲೆಲ್ಲ ರಸವಾಗಿತ್ತು. ಅವನು ಒಡೆದದ್ದನ್ನೇ ಆರಿಸಿ, ಮೊಳಕೈಯವರೆಗೆ ರಸ ಇಳಿಸಿಕೊಂಡು ಚೀಪತೊಡಗಿದ. ಏನೇನು, ಯಾವ ಕ್ರಮದಲ್ಲಿ ಹೇಳಬೇಕೆಂದು ನಾನು ರಾತ್ರಿಯಿಡೀ ಜೋಡಿಸಿಟ್ಟಿದ್ದೆ: ಜ್ವರ ಆರಂಭವಾದದ್ದು, ಕಾರವಾರದ ಆಸ್ಪತ್ರೆ, ಡಾಕ್ಟರರ ಮಾತು, ಮನೆಗೆ ಕರೆತಂದದ್ದು. ಜ್ವರದ ಮಾತು ಎತ್ತಿದೊಡನೆ ಅವನು ಮಾವಿನ ಓಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ತಡೆದ.

"ಅದೆಲ್ಲ ಆಮೇಲೆ. ಆಯಿ ನನ್ನ ಕೇಳಿತ್ತೇ?"

"ದಿನಾ ಕೇಳಿತ್ತು. ನಿನ್ನ ಹಡಗು ಎಲ್ಲಿಗೆ ಮುಟ್ತು ಅಂತ."

"ನೀ ಎಂತ ಹೇಳ್ದೆ?"

"ಗೊತ್ತಿದ್ದ ಊರು ಹೇಳ್ತಿದ್ದೆ. ಕಡೇ ದಿನ ಅದಕ್ಕೆ ಊರಿನ ಹೆಸ್ರೆಲ್ಲ ಮರ್ತು ಹೋಗಿತ್ತು. ‘ಬೇಲೇಕೇರಿಗೆ ಮುಟ್ತೇ?’ ಅಂತ ಕೇಳ್ತು. ಮುಟ್ತು, ಈಗ ದಂಡೆಗೆ ಬತ್ತಾ ಅದೆ ಅಂದೆ. ‘ಹಂಗಾದ್ರೆ ಅನ್ನ ಇಡು’ ಅಂತು."

ಅವನ ಕೈಯಲ್ಲಿದ್ದ ಓಟೆಯಲ್ಲಿ ಚೀಪಲು ಏನೂ ಉಳಿದಿರಲಿಲ್ಲ. ಆದರೂ ಬಹಳ ಹೊತ್ತು ಚೀಪುತ್ತಿದ್ದ. ಬಳಿಕ ನನ್ನ ಸೆರಗಿಗೆ ಕೈ ಒರೆಸಿಕೊಂಡ, ಚಿಕ್ಕವನಿದ್ದಾಗಿನಂತೆ. ಎಂಟಕ್ಕೆ ಕಾವಲಿನವನು ಕರೆದ. ಬುಟ್ಟಿ ಹಿಡಿದು ಎದ್ದವನು, "ನಾಳೆ ಬೈಗಿನ ಹೊತ್ತಿಗೆ ನಮ್ಮೂರಿನ ಎದ್ರಿಗೇ ಹೋಗ್ತೆ ಅಕ್ಕಾ," ಎಂದ. "ದಂಡೆ ಕಾಣೂದಿಲ್ಲ. ಅಷ್ಟು ದೂರ."

ಆ ರಾತ್ರಿ ಪರಿಚಿತರ ಮನೆಯಲ್ಲಿ ಉಳಿದು, ಮರುದಿನ ಮಧ್ಯಾಹ್ನ ಅದೇ ಕಂಪನಿಯ ವಿಮಾನದಲ್ಲಿ ಗೋವೆಗೆ ಮರಳಿದೆ. ಸಮಯಕ್ಕಿಂತ ಮೊದಲೇ ಇಳಿಯಿತು. ಹೊರಗೆ ಬಂದರೆ ತಾಂಡೇಲರೂ ನಾಯಕರೂ ಬೆಂಚಿನ ಮೇಲೆ ಕೂತಿದ್ದರು. ಅಂದಿನ ಸಂಜೆಯ ವಿಮಾನಕ್ಕೆ ಮಧ್ಯಾಹ್ನವೇ ಬಂದಿದ್ದರು.

"ಊಟ?" ಎಂದೆ.

"ಎಂತ ಊಟ ಅಕ್ಕೋರೆ," ಎಂದರು ತಾಂಡೇಲರು. "ಬಿಸ್ಕೀಟು ತಿಂದ್ಕಂಡು ಕೂತಿದ್ವಿ. ಈ ಸುಧಾರಣೆಯಿಂದ ಸತ್ವಿ." ಅನಂತರ ದನಿ ತಗ್ಗಿಸಿ, "ತಮ್ಮ ಸಿಕ್ನಾ?" ಎಂದು ಕೇಳಿದರು.

ಸಿಕ್ಕನೆಂದೆ. ಅವರು ಉಸಿರು ಬಿಟ್ಟ ರೀತಿಯಿಂದ, ಹಿಂದಿನ ರಾತ್ರಿ ಅವರಿಗೂ ನಿದ್ದೆ ಬಂದಿರಲಿಲ್ಲವೆಂದು ತಿಳಿಯಿತು.

ಪಾಂಡುವಿನ ಖಾಲಿ ಗಾಡಿಯಲ್ಲಿ ಕಾರವಾರಕ್ಕೆ ಬಂದು ಅಂಕೋಲೆಯ ಬಸ್ಸು ಹತ್ತಿದೆ. ಬಿಣಗಾದ ಏರಿನಲ್ಲಿ ಕಡಲು ಕಾಣಿಸಿತು. ಸೂರ್ಯ ಮುಳುಗಿದ್ದ. ಹತ್ತಿರದಲ್ಲಿ ಒಂದೆರಡು ದೋಣಿಗಳಿದ್ದವು. ಆಚೆಗೆ ಏನೂ ಇರಲಿಲ್ಲ. ಬಸ್ಸು ತಿರುಗುವವರೆಗೆ ಆ ಏನೂ ಇಲ್ಲದ ಕಡೆಗೇ ನೋಡಿದೆ. ಕತ್ತಲಾಗುತ್ತಿದ್ದಂತೆ ಅದಿರಿನ ಲಾರಿಗಳ ನಡುವೆ ಬಸ್ಸು ನಿಂತಿತು.

"ಬೇಲೇಕೇರಿ ಮುಟ್ತು!" ಎಂದು ಕಂಡಕ್ಟರು ಕೂಗಿದ. "ಇಳಿಯೂವವ್ರು ಬನ್ನಿ!"

ಯಾರೂ ಇಳಿಯಲಿಲ್ಲ. ಅಂಕೋಲೆಗೆ ಟಿಕೆಟು ಪಡೆದಿದ್ದ ನಾನು ಸೀಟಿನಿಂದ ಎದ್ದು ನಿಂತಿದ್ದೆ.