ಕೊತ್ತಗೆರೆಗೆ ಹೊರಟ ಕಾಯಿ ಸುಲಿಯುವ ಯಂತ್ರ

ಬೆಳಿಗ್ಗೆ ಏಳೂವರೆಗೆ ತುಮಕೂರಿನಲ್ಲಿ ಗುಬ್ಬಿ ಬಸ್ಸು ಹತ್ತಿದೆ. ಕಂಡಕ್ಟರು ನನ್ನ ಆಧಾರ್ ಕಾರ್ಡಿನ ಕಡೆ ಕಣ್ಣೆತ್ತಿಯೂ ನೋಡದೆ ಶೂನ್ಯ ಟಿಕೆಟ್ ಹರಿದುಕೊಟ್ಟ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಇಪ್ಪತ್ತು ಕಿಲೋಮೀಟರಿಗೂ ಸೀಟು ಸಿಗುವುದು ಕಷ್ಟ. ಒಂದು ಹೂವಿನ ಬುಟ್ಟಿಗೂ ಕಿಟಕಿಯ ಸರಳಿಗೂ ನಡುವೆ ನಿಂತೇ ಹೋದೆ. ಚಳಿ ಇನ್ನೂ ಬಿಟ್ಟಿರಲಿಲ್ಲ.

ನಾನು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಪಾಠ ಹೇಳುವವಳು. ನಮ್ಮಂಥ ದೇಶಗಳಲ್ಲಿ ಕೈಗೆ ಸಿಕ್ಕಿದ್ದರಲ್ಲೇ ಹೊಸದು ಹೊಂದಿಸುವ ಜಾಣತನದಿಂದ ವ್ಯಾಪಾರ ಬೆಳೆಯುತ್ತದೆಯೇ ಎಂಬ ಅಧ್ಯಾಯವನ್ನು ವರ್ಷಾವರ್ಷ ಅದೇ ಸ್ಲೈಡು ಹಾಕಿ ಮುಗಿಸುತ್ತಿದ್ದೆ. ಹೋದ ವಾರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಇಂಥವರನ್ನ ನೀವು ಕಣ್ಣಾರೆ ನೋಡಿದೀರಾ?" ಎಂದು ಕೇಳಿಬಿಟ್ಟಳು. ಮೈಯೆಲ್ಲಾ ಉರಿಯಿತು. ಉರಿದದ್ದು ಅವಳ ಮೇಲಲ್ಲ, ನನ್ನ ಮೇಲೇ.

ಆಗ ನೆನಪಾದವರು ಗುಬ್ಬಿಯ ವೆಲ್ಡಿಂಗ್ ಅಂಗಡಿಯ ಚಂದ್ರಣ್ಣ. ತುಮಕೂರಿನ ಸದಾಶಿವನಗರದ ನಮ್ಮ ಮನೆಗೆ ಗೇಟು ಮಾಡಿಕೊಟ್ಟವರು. ಆ ಗೇಟಿನ ಚಿಲಕವನ್ನು ಸೈಕಲ್ಲಿನ ಬ್ರೇಕಿನಿಂದ ಮಾಡಿದ್ದಾರೆ. ಸಿಕ್ಕಿಕೊಂಡರೆ ಅವರೇ ಬರಬೇಕು, ಇನ್ನೊಬ್ಬರಿಗೆ ಬಗೆಹರಿಯುವುದಿಲ್ಲ. ಫೋನ್ ಮಾಡಿದಾಗ, "ಶುಕ್ರವಾರ ಕೊತ್ತಗೆರೆಗೆ ಮಿಷನ್ ತಗೊಂಡೋಗ್ತಿದೀನಿ ಮೇಡಂ, ನೋಡೋ ಆಸೆ ಇದ್ರೆ ಬಂದ್ಬುಡಿ" ಎಂದರು. ಶುಕ್ರವಾರಕ್ಕೆ ರಜೆ ಬರೆದುಕೊಟ್ಟೆ.

ಗುಬ್ಬಿಯಲ್ಲಿ ಇಳಿದು ಇಡ್ಲಿ ತಿಂದು ಅಂಗಡಿಗೆ ಹೋದರೆ ಯಂತ್ರ ಆಗಲೇ ಬಾಗಿಲಲ್ಲಿ ನಿಂತಿತ್ತು. ಹಲ್ಲುಗಳಿರುವ ಎರಡು ಕಬ್ಬಿಣದ ರೋಲರು; ಮೇಲೆ ಒಣ ತೆಂಗಿನಕಾಯಿ ಇಟ್ಟರೆ ಹಲ್ಲುಗಳು ಮಟ್ಟೆಯನ್ನು ಕಚ್ಚಿ ಎಳೆದು ಸುಲಿಯುತ್ತವೆ. ಮೋಟಾರು ಮುಚ್ಚಿಹೋದ ಹಿಟ್ಟಿನ ಗಿರಣಿಯದ್ದು, ಚೈನು ಮೊಪೆಡ್ಡಿನದ್ದು, ಹಲ್ಲುಗಳು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಾದಿಂದ ಕತ್ತರಿಸಿದವು. ಒಂದು ಕಾಯಿ ಇಟ್ಟು ತೋರಿಸಿದರು. ನಾನು ಮೂರು ಎಣಿಸುವಷ್ಟರಲ್ಲಿ ಮಟ್ಟೆ ಒಂದು ಕಡೆ, ಕಾಯಿ ಒಂದು ಕಡೆ ಬಿತ್ತು. ಅಬ್ಬಾ ಎಂದೆ.

"ಇದು ಒಪ್ಪಿಗೆ ಆಗ್ಲೇಬೇಕು ಮೇಡಂ" ಎಂದರು ಚಂದ್ರಣ್ಣ ಕೈ ಒರೆಸಿಕೊಳ್ಳುತ್ತಾ. "ಗೇಟು ಗ್ರಿಲ್ಲು ಈಗ ರೆಡಿಮೇಡ್ ಬರ್ತಾವೆ. ನನ್ನತ್ರ ಯಾರು ಬರ್ತಾರೆ? ಕೊತ್ತಗೆರೆ ಹೆಂಗಸರ ಸಂಘದೋರು ಎಣ್ಣೆ ಗಾಣ ಇಟ್ಟವ್ರೆ. ಕಾಯಿ ಸುಲಿಯೋರು ಸಿಕ್ತಿಲ್ಲ. ಒಪ್ಪಿದ್ರೆ ಆಚೀಚೆ ಊರಿನ ಸಂಘಗಳಿಗೆ ಇನ್ನೂ ಆರು ಮಿಷನ್. ಒಪ್ಪಲಿಲ್ಲಾ ಅಂದ್ರೆ ಯುಗಾದಿಗೆ ಅಂಗಡಿ ಬಾಗ್ಲು ಹಾಕೋದೇಯಾ."

ಕಾಯಿ ಇಡಲು ಸಂದಿ ಬಿಟ್ಟು ರೋಲರಿನ ಮೇಲೆ ಮುಚ್ಚಿದ್ದ ತಗಡಿನ ಕವರು ಮಾತ್ರ ನಡೆಯುವಾಗ ಕಿವಿ ಹರಿಯುವಂತೆ ಅದುರುತ್ತಿತ್ತು. ನಾಲ್ಕು ಬೋಲ್ಟು ಹಾಕಿದ್ದರು. ನನಗೆ ಸುಮ್ಮನಿರಲು ಬರುವುದಿಲ್ಲ, ಅದೊಂದು ರೋಗ. "ಬೋಲ್ಟು ಯಾಕೆ, ವೆಲ್ಡ್ ಮಾಡಿಬಿಡಿ. ಗಟ್ಟಿಯಾಗಿರುತ್ತೆ, ನೋಡೋಕೂ ಚೆಂದ" ಎಂದೆ. ಚಂದ್ರಣ್ಣನಿಗೆ ಅಷ್ಟು ಸಾಕಾಯಿತು. ಕಪ್ಪು ಕನ್ನಡಕ ಏರಿಸಿ ಐದೇ ನಿಮಿಷದಲ್ಲಿ ಕವರನ್ನು ಬೆಸೆದುಬಿಟ್ಟರು. ಅದುರುವುದು ನಿಂತಿತು. ನಾನು ಬೀಗಿದೆ.

ಯಂತ್ರವನ್ನು ಗೂಡ್ಸ್ ಆಟೋಗೆ ಹತ್ತಿಸಿ, ಹೆಬ್ಬೂರು ಹಾದು ಕುಣಿಗಲ್ ಕಡೆ ಹೊರಟೆವು. ಆಟೋ ಚಂದ್ರಣ್ಣನದೇ. ಡೀಸೆಲ್ಲಿಗೆ ನಾನು ಕೊಡುತ್ತೇನೆಂದರೆ, "ನಮ್ಮೂರಿಗೆ ಬಂದೋರ ಹತ್ರ ಇಸ್ಕೊಂಡ್ರೆ ಚೆನ್ನಾಗಿರಲ್ಲ" ಎಂದು ಬಾಯಿ ಮುಚ್ಚಿಸಿದರು. ಎರಡೂ ಕಡೆ ತೆಂಗಿನ ತೋಟ, ನಡುನಡುವೆ ರಾಗಿ ಕೊಯ್ದ ಹೊಲಗಳು, ರಸ್ತೆಯ ಮೇಲೇ ಹರಡಿದ ತೆನೆ ಸಮೇತದ ಹುಲ್ಲು. ಹುಲ್ಲಿನ ಮೇಲೆ ಆಟೋ ಹರಿಸುವುದು ತಪ್ಪಲ್ಲವೇ ಎಂದರೆ ಅವರು ನಕ್ಕರು: "ಹರಿಸ್ಲಿ ಅಂತಾನೇ ಹಾಕಿರೋದು ಮೇಡಂ! ಕಾಳು ಉದುರ್ಬೇಕಲ್ಲ." ನೋಟ್‌ಬುಕ್ಕು ತೆಗೆದು ಅದನ್ನೂ ಬರೆದುಕೊಂಡೆ.

"ಇಲ್ಲೀವರೆಗೂ ಎಷ್ಟು ಯಂತ್ರ ಮಾಡಿದೀರಿ?"

"ಇಂಥವು ಐದು. ಒಂದರ ಥರ ಇನ್ನೊಂದಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು. "ಹೋದ್ಸಲದ್ದೇ ಮಾಡೋಕೆ ನಂಗೆ ಬೇಜಾರು."

ಕುಣಿಗಲ್‌ನಲ್ಲಿ ಕಾಫಿ ಕುಡಿದು ಕೊತ್ತಗೆರೆ ಮುಟ್ಟಿದಾಗ ಹನ್ನೊಂದೂವರೆ. ಗಾಣದ ಶೆಡ್ಡಿನ ಮುಂದೆ ಹತ್ತು ಹನ್ನೆರಡು ಹೆಂಗಸರು ಕಾಯಿ ರಾಶಿಯ ಸುತ್ತ ಕೂತಿದ್ದರು. ಸಂಘದ ಅಧ್ಯಕ್ಷೆ ಶಿವಮ್ಮ, ಅರವತ್ತರ ಹತ್ತಿರದ ಗಟ್ಟಿ ಹೆಂಗಸು, ನಮಗೆ ಮಜ್ಜಿಗೆ ಕೊಡಿಸಿ ಯಂತ್ರವನ್ನು ಸುತ್ತು ಹಾಕಿ ನೋಡಿದರು. ಚಂದ್ರಣ್ಣ ಸುಲಿದು ತೋರಿಸಿದರು. ಸಣ್ಣ ಕಾಯಿಗಳು ರೋಲರಿನ ನಡುವೆ ಜಾರತೊಡಗಿದಾಗ ಅವರು ತಮ್ಮ ಚಪ್ಪಲಿಯ ಅಟ್ಟೆಯನ್ನೇ ಕತ್ತರಿಸಿ ಎಲ್ಲೋ ಒಂದು ಕಡೆ ಸಿಕ್ಕಿಸಿದರು. ಜಾರುವುದು ನಿಂತಿತು. ಹೆಂಗಸರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಇದೇ ನೋಡು ನನ್ನ ಅಧ್ಯಾಯ ಎಂದುಕೊಂಡೆ.

ಶಿವಮ್ಮ ತಟ್ಟಲಿಲ್ಲ. "ನೀವ್ ಇದ್ರಿ, ಚಪ್ಪಲಿ ಕುಯ್ದು ಸರಿ ಮಾಡುದ್ರಿ. ನೀವಿಲ್ದಾಗ?"

"ಒಂದ್ ಫೋನ್ ಮಾಡಿ ಅಕ್ಕಾ, ಓಡ್ಬರ್ತೀನಿ."

"ಆರೂರಿಗೂ ಓಡ್ತೀರಾ? ಅದೆಲ್ಲ ಬ್ಯಾಡ. ನಮ್ಮಲ್ಲಿ ಒಂದು ರೂಢಿ ಐತೆ ಚಂದ್ರಣ್ಣ. ಗಾಣ ತಗೊಂಡಾಗ್ಲೂ ಹಿಂಗೇ ಮಾಡಿದ್ವಿ. ಮಾಡ್ದೋರು ದೂರ ಕೂತ್ಕೋಬೇಕು, ಕೈ ಹಾಕಂಗಿಲ್ಲ, ಬಾಯೂ ಹಾಕಂಗಿಲ್ಲ. ನಾವೇ ನಡುಸ್ತೀವಿ. ಒಂದ್ ಮೂಟೆ ಕಾಯಿ ಮುಗುದ್ರೆ ನಿಮ್ದು ಒಪ್ಪಿಗೆ."

ಚಂದ್ರಣ್ಣ ಹೋಗಿ ಹೊಂಗೆ ಮರದ ಕೆಳಗೆ ಕೂತರು. ಜಯಮ್ಮ ಎಂಬ ಎಳೆವಯಸ್ಸಿನ ಹೆಂಗಸು ಸೆರಗು ಸಿಕ್ಕಿಸಿ ಯಂತ್ರದ ಮುಂದೆ ನಿಂತಳು. ಅರ್ಧ ಮೂಟೆ ಸರಾಗ ಹೋಯಿತು. ಆಮೇಲೆ ನಾರು ರೋಲರಿಗೆ ಸುತ್ತಿಕೊಂಡು ಯಂತ್ರ ಗುರ್ರೆಂದು ನಿಂತಿತು. ಜಯಮ್ಮ ಸ್ವಿಚ್ ಆರಿಸಿ ಕವರು ತೆಗೆಯಲು ನೋಡಿದಳು. ಬರಲಿಲ್ಲ. ಕುಡುಗೋಲಿನ ಮೊನೆ ಹಾಕಿ ಮೀಟಿದಳು. "ಇದು ಬಿಚ್ಚೋದೆಲ್ಲಿ?" ಎಂದು ಸುತ್ತಲೂ ಹುಡುಕಿದಳು.

ಬಿಚ್ಚುವ ಜಾಗವೇ ಇರಲಿಲ್ಲ. ಮರದ ಕೆಳಗೆ ಚಂದ್ರಣ್ಣ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದರು. ಅವರ ಮುಖ ನೋಡಲಾಗಲಿಲ್ಲ ನನಗೆ.

"ಶಿವಮ್ಮೋರೆ, ತಪ್ಪು ನನ್ನದು" ಎಂದೆ. "ಬೋಲ್ಟು ಇತ್ತು. ವೆಲ್ಡ್ ಮಾಡಿ ಅಂದವಳು ನಾನು."

ಶಿವಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಕಾಯಿ ಸುಲ್ದಿದೀರಾ ಮೇಡಮ್ಮೋರೆ?"

"ಇಲ್ಲ."

"ಮತ್ತೆ?" ಎಂದರು, ಅಷ್ಟೇ. ಹೆಂಗಸರು ಕಿಸಕ್ಕೆಂದರು. ನಾಚಿಕೆಯಿಂದ ಸತ್ತೇಹೋದೆ. ಆದರೂ ಶಿವಮ್ಮನ ಮನಸ್ಸು ಕರಗಿತೋ, ಕಾಯಿ ರಾಶಿ ಹೆದರಿಸಿತೋ, "ಹಾಲು ಕರೆಯೋ ಹೊತ್ಗೆ ನಾವು ಎದ್ದೋಗ್ತೀವಿ. ಅಷ್ಟ್ರೊಳಗೆ ಏನಾರ ಮಾಡ್ಕೊಂಡ್ ಬನ್ನಿ" ಎಂದರು.

ಯಂತ್ರ ಹೇರಿಕೊಂಡು ಮತ್ತೆ ಆಟೋ, ಮತ್ತೆ ಕುಣಿಗಲ್. ದಾರಿಯುದ್ದಕ್ಕೂ ಚಂದ್ರಣ್ಣ ಗುಂಡಿಗಳನ್ನೂ ಲೆಕ್ಕಿಸದೆ ಆಟೋ ಓಡಿಸಿದರು. ಬೈದಿದ್ದರೆ ವಾಸಿಯಿತ್ತು. ಗ್ಯಾರೇಜೊಂದರಲ್ಲಿ ಬೆಸುಗೆ ಬಿಡಿಸಿದರು, ಸುತ್ತಿಕೊಂಡಿದ್ದ ನಾರನ್ನೆಲ್ಲ ಕಿತ್ತರು. ಹಾರ್ಡ್‌ವೇರ್ ಅಂಗಡಿಯಲ್ಲಿ ಬೋಲ್ಟು ತೆಗೆದುಕೊಂಡು, ಒಂದು ಗಳಿಗೆ ಯೋಚಿಸಿ, ವಾಪಸ್ ಇಟ್ಟರು. "ಸ್ಪ್ಯಾನರ್ ಕಳ್ದೋಯ್ತದೆ" ಎಂದು ತಮಗೆ ತಾವೇ ಅಂದುಕೊಂಡು, ಎರಡು ಕಿವಿ ಇರುವ, ಬರಿಗೈಯಲ್ಲೇ ತಿರುಗುವ ನಟ್ಟುಗಳನ್ನು ಆರಿಸಿದರು. ಅದುರದಂತೆ ಕವರಿನ ಕೆಳಗೆ ರಬ್ಬರು ಪಟ್ಟಿ ಇಟ್ಟರು. ನಾನು ಪಕ್ಕದಲ್ಲಿ ನಿಂತು ತುಟಿ ಹೊಲಿದುಕೊಂಡಿದ್ದೆ. ಮಧ್ಯಾಹ್ನದ ಊಟಕ್ಕೆ ಇಬ್ಬರಿಗೂ ಬಾಳೆಹಣ್ಣು ಅಷ್ಟೇ.

ನಾಲ್ಕು ಗಂಟೆಗೆ ಕೊತ್ತಗೆರೆಯಲ್ಲಿ ಯಂತ್ರ ಇಳಿಸಿದವರೇ ಚಂದ್ರಣ್ಣ ಯಾರೂ ಹೇಳದೆ ಹೋಗಿ ಮರದ ಕೆಳಗೆ ಕೂತರು. ಈ ಸಲ ಯಂತ್ರಕ್ಕೆ ಬೆನ್ನು ಹಾಕಿ. ಅರ್ಧ ಮೂಟೆ ದಾಟಿದ ಮೇಲೆ ಮತ್ತೆ ಗುರ್ರೆಂದು ನಿಂತಿತು. ಚಂದ್ರಣ್ಣನ ಹೆಗಲು ಎದ್ದಿತು, ತಲೆ ಮಾತ್ರ ತಿರುಗಲಿಲ್ಲ. ಜಯಮ್ಮ ಸ್ವಿಚ್ ಆರಿಸಿ, ನಟ್ಟು ತಿರುಗಿಸಿ, ಕವರು ಎತ್ತಿ, ನಾರು ಕಿತ್ತೆಸೆದು, ಮತ್ತೆ ಮುಚ್ಚಿದಳು. ಯಂತ್ರ ಹೊರಟಿತು. ಹೀಗೆ ಒಟ್ಟು ಎರಡು ಸಲ ನಿಂತಿತು, ಎರಡು ಸಲವೂ ಅವಳೇ ಹೊರಡಿಸಿದಳು. ಮೂಟೆ ಮುಗಿಯಿತು.

"ಏಳಪ್ಪಾ ಚಂದ್ರಣ್ಣ" ಎಂದು ಶಿವಮ್ಮ ಕೂಗಿದರು. "ಇದು ಇಲ್ಲೇ ಇರ್ಲಿ, ನಾಳೆಯಿಂದ ಕೆಲ್ಸ ಐತೆ. ಉಳಿದೋರಿಗೆ ಆರು ಮಾಡ್ಕೊಡಿ. ಆರೂ ಇದ್ರಂಗೇ ಇರ್ಬೇಕು, ಒಂದೂರಿನ ಸಾಮಾನು ಇನ್ನೊಂದೂರಿಗೆ ಆಗ್ಬೇಕು."

ಚಂದ್ರಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬೆವರೊಂದೇ ಅಲ್ಲ, ನನಗೆ ಗೊತ್ತಾಯಿತು.

ನನ್ನನ್ನು ಹೆಬ್ಬೂರಿನಲ್ಲಿ ತುಮಕೂರು ಬಸ್ಸಿಗೆ ಹತ್ತಿಸಿ ಅವರು ಗುಬ್ಬಿಗೆ ಹೋಗುವುದೆಂದಾಗಿತ್ತು. ಖಾಲಿ ಆಟೋ ಕುಣಿದುಕೊಂಡು ಓಡುತ್ತಿತ್ತು. ಚಂದ್ರಣ್ಣ ಆರು ಯಂತ್ರಕ್ಕೆ ಆರು ಮೋಟಾರು ಎಲ್ಲಿ ತರುವುದು ಎಂದು ಜೋರಾಗಿ ಲೆಕ್ಕ ಹಾಕುತ್ತಿದ್ದವರು, ಇದ್ದಕ್ಕಿದ್ದಂತೆ ಬ್ರೇಕು ಒತ್ತಿದರು.

"ಅಯ್ಯಯ್ಯೋ ಮೇಡಂ!"

"ಏನಾಯ್ತು?"

"ಅಳತೆ! ಒಂದನ್ನೂ ಬರ್ಕೊಂಡಿಲ್ಲ ಕಣ್ರೀ. ಎಲ್ಲಾ ಕಣ್ಣಂದಾಜಲ್ಲಿ ಮಾಡಿದ್ದು. ಈಗ ಅದ್ರಂಗೇ ಆರು ಅಂದ್ರೆ ನಾನ್ ಯಾವುದ್ನ ನೋಡ್ಕೊಂಡ್ ಮಾಡ್ಲಿ?"

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಬಂತು. ಸಂಜೆ ಬಿಸಿಲು ಇನ್ನೂ ತೆಂಗಿನ ತಲೆಗಳ ಮೇಲಿತ್ತು. ಆಟೋ ತಿರುಗಿಸಿದರು. ಕೊತ್ತಗೆರೆಯ ಶೆಡ್ಡಿನ ಬೀಗ ತೆಗೆಸಿ, ಯಂತ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು.

"ಗಟ್ಟಿಯಾಗಿ ಹಿಡ್ಕೊಳ್ಳಿ ಮೇಡಂ. ಏನೂ ಹೇಳ್ಬೇಡಿ, ಸುಮ್ನೆ ಬರ್ಕೊಳ್ಳಿ."

ಹಿಡಿದುಕೊಂಡೆ. ಬರೆದುಕೊಂಡೆ.