ಕೊನೆಯ ಮನೆಯ ಡ್ರಮ್ ತುಂಬುವ ತನಕ

ಬೆಳಗಿನ ಐದು ಗಂಟೆ. ಬೀದಿನಾಯಿಗಳೂ ಇನ್ನೂ ಮೈಮುರಿದಿಲ್ಲ. ರಸ್ತೆಯ ನಡುವಿನ ಗುಂಡಿಯ ಮುಚ್ಚಳ ಸರಿಸಿ, ಎದೆಮಟ್ಟದ ಕಬ್ಬಿಣದ ಕೀಲಿಯನ್ನು ಒಳಗಿಳಿಸಿ, ಐವತ್ತಾರರ ಹೆಂಗಸೊಬ್ಬರು ಮೈಭಾರವನ್ನೆಲ್ಲ ಹಾಕಿ ತಿರುಗಿಸುತ್ತಾರೆ. ಹನ್ನೆರಡು ಸುತ್ತು. ನೆಲದಡಿ ನೀರು ಗುಳುಗುಳು ಎನ್ನುತ್ತದೆ. ಕಿಟಕಿಯೊಂದರಿಂದ ನಿದ್ದೆಗಣ್ಣಿನ ದನಿ ಕೇಳುತ್ತದೆ: "ನೀರಕ್ಕಾ, ನೀರು ಬಿಟ್ರಾ?"

"ಬಿಟ್ಟೆ ಕಣಮ್ಮ. ನೀನೂ ಹಾಸಿಗೆ ಬಿಡು."

ಎಲ್ಲರಿಗೂ ಅವರು ನೀರಕ್ಕ. ದಿನಕ್ಕೆ ಇಪ್ಪತ್ತೆಂಟು ವಾಲ್ವ್, ಆರು ಕಿಲೋಮೀಟರ್ ನಡಿಗೆ. ಹತ್ತೊಂಬತ್ತು ವರ್ಷದಿಂದ ಇದೇ ಪಾಡು. ಮೊದಲು ನಗರಸಭೆಯ ಈ ಕೆಲಸ ಗಂಡನದಾಗಿತ್ತು. ಅವರು ತೀರಿಕೊಂಡಾಗ ಅನುಕಂಪದ ಆಧಾರದ ಮೇಲೆ ಇವರಿಗೆ ಸಿಕ್ಕಿತು. ಹೆಂಗಸಿನ ಕೈಗೆ ಕೀಲಿಯೇ ಎಂದು ಮೂಗು ಮುರಿದವರಿಗೇನೂ ಕಡಿಮೆಯಿರಲಿಲ್ಲ. "ವರ್ಷಗಟ್ಟಲೆ ನನ್ನನ್ನ ಅನುಕಂಪದವಳು ಅಂತಾನೇ ಕರೆದ್ರು. ಅಂಗೈಯಲ್ಲಿ ಬೊಬ್ಬೆ ಎದ್ದಾಗ ಮಾತ್ರ ಯಾರಿಗೂ ಆ ಪದ ನೆನಪಾಗಲಿಲ್ಲ" ಎಂದು ನಗುತ್ತಾರೆ.

ನಿಯಮದ ಪ್ರಕಾರ ಪ್ರತಿ ಬೀದಿಗೆ ನಲವತ್ತು ನಿಮಿಷ ನೀರು. ಏರಿನ ಮೇಲಿನ ಕೊನೆಯ ಬೀದಿಯ ವಿಷಯದಲ್ಲಿ ಮಾತ್ರ ನೀರಕ್ಕ ಗಡಿಯಾರ ನೋಡುವುದಿಲ್ಲ. ಏದುಸಿರು ಬಿಡುತ್ತ ಏರು ಹತ್ತಿ, ನೀರು ನಿಧಾನವಾಗಿ ಏರುವ ಕಟ್ಟಕಡೆಯ ಮನೆಯ ನಲ್ಲಿಯನ್ನು ಕಣ್ಣಾರೆ ಕಂಡು ಬರುತ್ತಾರೆ. ಅಲ್ಲಿ ಹಾಸಿಗೆ ಹಿಡಿದ ಅತ್ತೆ, ಅವರ ಆರೈಕೆಗೆ ಸೊಸೆಯೊಬ್ಬಳೇ. ಆ ಮನೆಯ ಡ್ರಮ್ ತುಂಬಿದ ಮೇಲೆಯೇ ವಾಲ್ವ್ ಮುಚ್ಚುವುದು.

ಈ ವರ್ಷ ಅದೇ ಮುಳುವಾಯಿತು. ಸಮಯ ಪಾಲಿಸುತ್ತಿಲ್ಲವೆಂದು ನೋಟಿಸ್ ಬಂತು. ಹೊಸ ಎಂಜಿನಿಯರ್ ಕೆಟ್ಟವರೇನಲ್ಲ. "ಪಾಪ, ನಿಮಗೂ ವಯಸ್ಸಾಯ್ತು. ಕನಿಕರದಿಂದ ಹೇಳ್ತಿದೀನಿ, ಆಫೀಸಲ್ಲೇ ಕೂತು ಮಾಡೋ ಕೆಲಸ ಕೊಡ್ತೀನಿ" ಎಂದರು. ಕನಿಕರವೂ ಕೆಲವೊಮ್ಮೆ ಕೈ ಕಟ್ಟಿಹಾಕುತ್ತದೆ. ನೀರಕ್ಕನಿಗೆ ಆ ಕೊನೆಯ ಮನೆ ನೆನಪಾಯಿತು. ತಾವು ಕುರ್ಚಿಯಲ್ಲಿ ಕೂತರೆ ಆ ಏರು ಹತ್ತುವವರು ಯಾರು?

"ಕೂರ್ತೀನಿ ಸಾರ್. ಅದಕ್ಕೆ ಮುಂಚೆ ಒಂದು ದಿನ ನನ್ನ ಜೊತೆ ಬನ್ನಿ."

ಅವರು ಬಂದರು. ಕೊನೆಯ ಮನೆಯ ನಲ್ಲಿಯ ಮುಂದೆ ಗಡಿಯಾರ ನೋಡುತ್ತ ನಿಂತರು. ನಲವತ್ತು ನಿಮಿಷ ಕಳೆದಾಗ ಡ್ರಮ್ಮಿನ ತಳದಲ್ಲಿ ನಾಲ್ಕು ಬೆರಳು ನೀರಿತ್ತು. ಪಕ್ಕದಲ್ಲಿ ಅತ್ತೆಯ ಒಗೆಯದ ಬಟ್ಟೆಗಳ ರಾಶಿ. ಸೊಸೆ ತಲೆ ತಗ್ಗಿಸಿ ನಿಂತಿದ್ದಳು.

"ಹೋಗಿ ಮುಚ್ಚಲಾ ಸಾರ್?" ನೀರಕ್ಕ ಕೇಳಿದರು. ಎಂಜಿನಿಯರ್ ಬೇಡವೆಂದು ತಲೆಯಾಡಿಸಿದರು. ಮರುವಾರದ ವೇಳಾಪಟ್ಟಿಯಲ್ಲಿ ಆ ಬೀದಿಗೆ ಒಂದೂವರೆ ಗಂಟೆ ಎಂದು ಬರೆದಿತ್ತು. ನೋಟಿಸಿನ, ಆಫೀಸಿನ ಕುರ್ಚಿಯ ಸುದ್ದಿಯನ್ನು ಮತ್ತೆ ಯಾರೂ ಎತ್ತಲಿಲ್ಲ.

ಇಂಥವರನ್ನು ಕಂಡಾಗ ಕೈಗಳು ತಾವಾಗಿಯೇ ಜೋಡಿಕೊಳ್ಳುತ್ತವೆ. ಆದರೆ ನಿಮ್ಮದು ದೊಡ್ಡ ಕರುಣೆ ಎಂದರೆ ನೀರಕ್ಕನಿಗೆ ಹಿಡಿಸುವುದಿಲ್ಲ. ಕೀಲಿಯನ್ನು ಹೆಗಲಿಗೇರಿಸಿಕೊಂಡು ಹೇಳುತ್ತಾರೆ: "ಕೆಳಗಿನ ಮನೆಯೋರಿಗೆ ನೀರು ಬಿಟ್ರೆ ಅದು ನನ್ನ ಕೆಲಸ ಅಂತೀರಿ. ಮೇಲಿನ ಮನೆಗೆ ಬಿಟ್ರೆ ಕರುಣೆ ಹೇಗಾಗತ್ತೆ? ಅದೂ ಅವರ ಪಾಲಿನ ನೀರೇ ತಾನೇ."